ಕೌಂಟರಿನ ಗಣಕಯಂತ್ರಕ್ಕೆ ಅನುಮೋದನೆ ದೊರೆಯದಿದ್ದಲ್ಲಿ

ಅರ್ಜಿ ಸಲ್ಲಿಸಲು ಬಂದ ಸಾರ್ವಜನಿಕರಿಗೆ "ಈ ಗಣಕಯಂತ್ರಕ್ಕೆ ಅನುಮೋದನೆ ಆಗಿಲ್ಲ" ಎಂಬ ಉತ್ತರ ದೊರೆಯುವುದುಂಟು. ಅರ್ಜಿಯೇ ತಿರಸ್ಕೃತವಾಯಿತೆಂದು ಭಾವಿಸತಕ್ಕದ್ದಲ್ಲ. ಅನುಮೋದನೆ ಬೇಕಾಗಿರುವುದು ಯಂತ್ರಕ್ಕೆ.

ಅನೇಕ ಗಣಕಯಂತ್ರಗಳನ್ನು ಒಂದೇ ಸ್ಥಳದಿಂದ ನಿರ್ವಹಿಸಲು ಮೈಕ್ರೋಸಾಫ್ಟ್ ಕಾನ್ಫಿಗರೇಷನ್ ಮ್ಯಾನೇಜರ್‌ನಂತಹ ತಂತ್ರಾಂಶವನ್ನು ಬಳಸಲಾಗುತ್ತದೆ. ಪ್ರತಿ ಯಂತ್ರದಲ್ಲಿರುವ ಅದರ ಕ್ಲೈಂಟ್ ಭಾಗವನ್ನು ಕೇಂದ್ರ ಸರ್ವರ್ ನಂಬಬೇಕಾಗುತ್ತದೆ. ಅಪರಿಚಿತ ಯಂತ್ರವೊಂದಕ್ಕೆ ಗೋಪ್ಯ ಮಾಹಿತಿ ತಲುಪಬಾರದೆಂಬುದೇ ಇದರ ಉದ್ದೇಶ. ಆದಕಾರಣ ಎಲ್ಲಾ ಯಂತ್ರಗಳನ್ನೂ ತಾನಾಗಿಯೇ ಅನುಮೋದಿಸುವ ಆಯ್ಕೆಯು ಸುಲಭವಾದರೂ ಸೂಕ್ತವಲ್ಲ. ವಿಶ್ವಾಸಾರ್ಹ ಡೊಮೈನ್‌ಗೆ ಸೇರಿದ ಯಂತ್ರಗಳನ್ನು ಮಾತ್ರ ತಾನಾಗಿ ಅನುಮೋದಿಸುವುದು ಶಿಫಾರಸು ಮಾಡಲಾದ ಕ್ರಮ. ಪಿಕೆಐ ಪ್ರಮಾಣಪತ್ರ ಬಳಸುವ ಯಂತ್ರಗಳಿಗೆ ಪ್ರತ್ಯೇಕ ಅನುಮೋದನೆ ಬೇಕಿಲ್ಲ.

ಅನುಮೋದನೆಯಿಲ್ಲದ ಯಂತ್ರವು ಪೂರ್ಣವಾಗಿ ನಿಲ್ಲದಿರಬಹುದು. ಕೆಲವು ಕಾರ್ಯಗಳು ನಡೆದು ಕೆಲವು ನಡೆಯದಿರುವುದರಿಂದಲೇ ದೋಷ ಪತ್ತೆಯಾಗುವುದು ತಡವಾಗುತ್ತದೆ. ಸಿಬ್ಬಂದಿಯು ಮೊದಲು ಆಡಳಿತ ಪರದೆಯ ಸಾಧನಗಳ ಪಟ್ಟಿಯಲ್ಲಿ ಸದರಿ ಯಂತ್ರದ ಅನುಮೋದನೆ ಸ್ಥಿತಿಯನ್ನು ನೋಡತಕ್ಕದ್ದು. ಡೊಮೈನ್‌ಗೆ ಸೇರದೆ ವರ್ಕ್‌ಗ್ರೂಪ್‌ನಲ್ಲಿರುವ ಯಂತ್ರವಾದರೆ, ಅದು ಇಲಾಖೆಯದೇ ಎಂದು ಖಚಿತಪಡಿಸಿಕೊಂಡು ಕೈಯಾರೆ ಅನುಮೋದಿಸಬೇಕು. ಡೊಮೈನ್‌ನಲ್ಲಿದ್ದರೂ ಅನುಮೋದನೆ ಆಗದಿದ್ದಲ್ಲಿ ಗಡಿಯಾರವನ್ನು ಪರಿಶೀಲಿಸುವುದು. ಇದು ಕ್ಷುಲ್ಲಕವೆನಿಸಬಹುದು, ಆದರೆ ಡೊಮೈನ್‌ನ ಗುರುತು ದೃಢೀಕರಣವು ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚಿನ ಸಮಯ ವ್ಯತ್ಯಾಸವನ್ನು ಒಪ್ಪುವುದಿಲ್ಲ. ಒಂದು ಯಂತ್ರದ ಡಿಸ್ಕನ್ನು ಕ್ಲೈಂಟ್ ಸಮೇತ ನಕಲು ಮಾಡಿ ಇನ್ನೊಂದಕ್ಕೆ ಹಾಕಿದ್ದಲ್ಲಿ ಎರಡೂ ಒಂದೇ ಗುರುತನ್ನು ಹೇಳಿಕೊಂಡು ದಾಖಲೆಗಳು ಪರಸ್ಪರ ಘರ್ಷಿಸಬಹುದು. ಇದನ್ನರಿಯಲು ಕ್ಲೈಂಟ್‌ನ ನೋಂದಣಿ ಲಾಗ್ ಕಡತವನ್ನು ಓದುವುದು ಅಗತ್ಯ.

ಅನುಮೋದಿಸಿದ ಕೂಡಲೇ ಫಲ ಕಾಣದಿರಬಹುದು. ಮಾರ್ಪಡಿಸದ ವ್ಯವಸ್ಥೆಯಲ್ಲಿ ಕ್ಲೈಂಟ್ ಹೊಸ ಸೂಚನೆಗಳನ್ನು 60 ನಿಮಿಷಕ್ಕೊಮ್ಮೆ ಕೇಳುತ್ತದೆ. ಈ ಅವಧಿಯಲ್ಲಿ ಕ್ಲೈಂಟನ್ನು ಪದೇ ಪದೇ ತೆಗೆದು ಮತ್ತೆ ಅಳವಡಿಸುವುದರಿಂದ ಪ್ರಯೋಜನವಿಲ್ಲ.

ಅರ್ಜಿದಾರರು ಅಷ್ಟು ಹೊತ್ತು ಕಾಯಬೇಕಾಗಿಲ್ಲ. ಬೇರೊಂದು ಕೌಂಟರಿನಲ್ಲಿ ಅರ್ಜಿ ಸ್ವೀಕರಿಸುವಂತೆ ಕೋರಬಹುದು. "ಯಂತ್ರ ಸರಿಯಾದ ಮೇಲೆ ನಮೂದಿಸುತ್ತೇವೆ" ಎಂಬ ಮಾತಿನ ಮೇಲೆ ಅರ್ಜಿಯನ್ನು ಬಿಟ್ಟುಹೋಗದೆ ಸ್ವೀಕೃತಿಯನ್ನು ಕೇಳಿ ಪಡೆಯತಕ್ಕದ್ದು. 2011ರ ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮಕ್ಕೆ ಒಳಪಟ್ಟ ಸೇವೆಗಳಲ್ಲಿ ವಿಳಂಬವನ್ನು ಪ್ರಶ್ನಿಸಲು ಅರ್ಜಿ ಸಲ್ಲಿಸಿದ ದಿನಾಂಕಕ್ಕೆ ಆ ಸ್ವೀಕೃತಿಯೇ ಆಧಾರ.