ಸದ್ದಿನ ಮುಂದೆ ನೋಡಿ, ವಿಮಾನ ಅಲ್ಲಿದೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ವಿಮಾನ ನಿಲ್ದಾಣವಿಲ್ಲ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಇಲ್ಲಿ ರೈಲೇ ಇಲ್ಲ. ರೈಲು ಹತ್ತಬೇಕಾದರೆ ಸಿದ್ದಾಪುರದವರು ತಾಳಗುಪ್ಪಕ್ಕೆ ಹೋಗಬೇಕು, ಯಲ್ಲಾಪುರದವರು ಹುಬ್ಬಳ್ಳಿಗೋ ಅಂಕೋಲೆಗೋ. ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗದ ಮಾತು ಕೇಳುತ್ತಲೇ ಒಂದು ತಲೆಮಾರಿಗೆ ವಯಸ್ಸಾಯಿತು. ಆದರೂ ವಿಮಾನ ನೋಡುವ ಹವ್ಯಾಸಕ್ಕೆ ಈ ಸೀಮೆ ಕೆಟ್ಟ ಜಾಗವಲ್ಲ. ಅದರ ಕಾರಣ ನೆಲದ ಮೇಲಿಲ್ಲ, ತಲೆಯ ಮೇಲಿದೆ.

ಶಾಲೆಯ ಭೂಗೋಳದ ಗುಂಡಿನ ಮೇಲೆ ಒಂದು ದಾರ ಎಳೆದು ನೋಡಿ. ಗೋವಾದ ದಾಬೋಲಿಮ್‌ನಿಂದ ಬೆಂಗಳೂರಿಗೆ ಹಿಡಿದ ದಾರ ಯಲ್ಲಾಪುರದ ಆಸುಪಾಸಿನಲ್ಲೇ ಹಾಯುತ್ತದೆ. ದುಬೈನಿಂದ ಬೆಂಗಳೂರಿಗೆ ಹಿಡಿದದ್ದೂ ಅಲ್ಲೇ. ಮುಂಬಯಿ–ಕೊಚ್ಚಿ ದಾರ ಶಿರಸಿಯ ಪಶ್ಚಿಮದ ಘಟ್ಟಗಳ ಮೇಲೆ, ಮುಂಬಯಿ–ಕೊಯಮತ್ತೂರು ದಾರ ಬನವಾಸಿಯ ಕಡೆ. ವಿಮಾನಗಳು ದಾರ ಹಿಡಿದು ಹಾರುವುದಿಲ್ಲ, ನಿಜ. ಅವಕ್ಕೆ ಗೊತ್ತುಮಾಡಿದ ದಾರಿಗಳಿವೆ, ಹವೆ ಕೆಟ್ಟರೆ ಸುತ್ತು ಹಾಕುತ್ತವೆ. ಆದರೂ ನಮ್ಮ ಅಡಿಕೆ ತೋಟಗಳ ಮೇಲೆ ಇಷ್ಟೊಂದು ದಾರಿಗಳು ಒಂದನ್ನೊಂದು ದಾಟುತ್ತವೆ ಎಂಬುದು ಎಷ್ಟು ಜನರಿಗೆ ಗೊತ್ತು? ಬಸ್ಸಿಗೆ ಕಾಯುತ್ತ ಅರ್ಧ ಗಂಟೆ ನಿಂತವರ ನೆತ್ತಿಯ ಮೇಲೆ ಅಷ್ಟರಲ್ಲೇ ಮೂರು ನಾಲ್ಕು ಊರುಗಳ ಜನ ಹಾದು ಹೋಗಿರುತ್ತಾರೆ.

ಮಳೆಗಾಲದಲ್ಲಿ ಈ ಹವ್ಯಾಸಕ್ಕೆ ರಜೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡದ ಮೇಲೆ ಗುಡುಗೋ ವಿಮಾನವೋ ತಿಳಿಯದು. ಕೊನೆ ಕೊಯ್ಲಿನ ಹೊತ್ತಿಗೆ ಆಕಾಶ ತೊಳೆದಿಟ್ಟಂತಾಗುತ್ತದೆ. ಆಗ ವಿಮಾನಗಳನ್ನು ಎಲ್ಲರಿಗಿಂತ ಚೆನ್ನಾಗಿ ನೋಡುವವನು ಕೊನೆಗೌಡನೇ ಇರಬೇಕು. ಕೆಳಗೆ ಹಗ್ಗ ಹಿಡಿದು ನಿಂತವರಿಗೆ ಅಡಿಕೆ ಹೆಡೆಗಳ ನಡುವೆ ಅಂಗೈಯಗಲ ಆಕಾಶ. ಮರದ ತುದಿಯಲ್ಲಿ ಇರುವವನಿಗೆ ಪೂರ್ತಿ.

ನೆಲದಲ್ಲಿ ನಿಂತವರಿಗೆ ಒಂದು ಗುಟ್ಟು ತಿಳಿದಿರಬೇಕು. ಸದ್ದು ಬಂದ ಕಡೆ ನೋಡಿದರೆ ವಿಮಾನ ಸಿಗುವುದಿಲ್ಲ. ಹತ್ತು ಕಿಲೋಮೀಟರ್ ಎತ್ತರದಿಂದ ಸದ್ದು ನಮ್ಮ ಕಿವಿಗೆ ಇಳಿಯಲು ಅರ್ಧ ನಿಮಿಷ ಬೇಕು. ಅಷ್ಟರಲ್ಲಿ ವಿಮಾನ ಏಳು ಕಿಲೋಮೀಟರಿನಷ್ಟು ಮುಂದೆ ಹೋಗಿರುತ್ತದೆ. ಮಕ್ಕಳು ನೆತ್ತಿಯ ಮೇಲೆ ಹುಡುಕಿ ‘ಎಲ್ಲೂ ಇಲ್ಲ’ ಎನ್ನುವುದು ಇದಕ್ಕೇ. ಸದ್ದು ಸಾಗುತ್ತಿರುವ ದಿಕ್ಕನ್ನು ಅಂದಾಜು ಮಾಡಿ, ಅದರ ಮುಂದೆ ಕಣ್ಣು ಹಾಯಿಸಬೇಕು. ಇದನ್ನು ನಾಲ್ಕು ದಿನ ಅಭ್ಯಾಸ ಮಾಡಿದವರು ಐದನೆಯ ದಿನ ಮೊದಲ ನೋಟಕ್ಕೇ ಹಿಡಿಯುತ್ತಾರೆ. ತೋಟದಲ್ಲಿ ನಿಂತು ಪ್ರಯೋಜನವಿಲ್ಲ; ಬನವಾಸಿ ಕಡೆಯ ಗದ್ದೆ ಬಯಲು, ಬೋಳು ಗುಡ್ಡದ ನೆತ್ತಿ, ಶಾಲೆಯ ಮೈದಾನ ಒಳ್ಳೆಯದು.

ವಿಮಾನದ ಹಿಂದಿನ ಬಿಳಿ ಗೆರೆಯನ್ನು ನಮ್ಮ ಕಡೆ ಬಹಳ ಮಂದಿ ‘ರಾಕೆಟ್’ ಎಂದೇ ಕರೆದರು, ಈಗಲೂ ಕರೆಯುತ್ತಾರೆ. ಅದು ಹೊಗೆಯಲ್ಲ. ಎಂಜಿನ್ ಉಗುಳುವ ನೀರಾವಿ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿ ಹೆಪ್ಪುಗಟ್ಟಿ ಹಿಮದ ಹರಳಾದದ್ದು. ಮೇಲಿನ ಗಾಳಿ ಒಣಗಿದ್ದರೆ ಗೆರೆ ಬಾಲದಷ್ಟೇ ಇದ್ದು ಕರಗುತ್ತದೆ, ಪಸೆಯಿದ್ದರೆ ಆಕಾಶದ ಆಚೆ ತುದಿಯವರೆಗೆ ನಿಂತು ಹರಡಿಕೊಳ್ಳುತ್ತದೆ. ಅಂಗಳದಲ್ಲಿ ಅಡಿಕೆ ಒಣಹಾಕಿದವರು ಇದನ್ನೂ ಒಂದು ಗುರುತಾಗಿ ನೋಡಬಹುದು. ಆದರೆ ಇದನ್ನೇ ನಂಬಿ ಅಡಿಕೆ ಹೊರಗೆ ಬಿಟ್ಟು ಮಲಗಬೇಡಿ! ಗೆರೆ ಎರಡಾಗಿ ಹೊರಟರೆ ಎರಡು ಎಂಜಿನ್, ನಾಲ್ಕಾಗಿ ಹೊರಟರೆ ನಾಲ್ಕು. ನಾಲ್ಕು ಗೆರೆಯ ವಿಮಾನಗಳು ಈಗ ಅಪರೂಪ. ದುಬೈನಿಂದ ಬೆಂಗಳೂರಿಗೆ ಎಮಿರೇಟ್ಸ್ ಕಂಪನಿಯ ಏರ್‌ಬಸ್ ಎ380 ಬರತೊಡಗಿದ್ದು 2022ರ ಅಕ್ಟೋಬರಿನಲ್ಲಿ. ರೆಕ್ಕೆಯ ತುದಿಯಿಂದ ತುದಿಗೆ 80 ಮೀಟರಿಗೆ ಕೊಂಚ ಕಡಿಮೆ. ಅದನ್ನು ಒಮ್ಮೆ ಕಂಡವರು ಆಮೇಲೆ ಗಡಿಯಾರ ನೋಡಿಕೊಂಡು ಅಂಗಳಕ್ಕೆ ಬರುತ್ತಾರೆ.

ಕ್ಯಾಮೆರಾ ಹಿಡಿದರೆ ಕಷ್ಟ ಶುರು. ಸಾಮಾನ್ಯ ಎ320 ವಿಮಾನದ ಉದ್ದ 37 ಮೀಟರ್ ಚಿಲ್ಲರೆ. ಹತ್ತು ಕಿಲೋಮೀಟರ್ ಮೇಲಿದ್ದಾಗ ಅದು ನಮ್ಮ ಕಣ್ಣಿಗೆ ಚಂದ್ರನ ಅಗಲದ ಅರ್ಧಕ್ಕಿಂತ ಚಿಕ್ಕದು. 400 ಮಿ.ಮೀ. ಲೆನ್ಸ್ ಹಾಕಿದರೂ 36 ಮಿ.ಮೀ. ಅಗಲದ ಚೌಕಟ್ಟಿನಲ್ಲಿ ಅದು ಒಂದೂವರೆ ಮಿಲಿಮೀಟರ್ ಮಾತ್ರ. ಫಿಲಂ ರೀಲಿನ ಕಾಲದಲ್ಲಾದರೆ ಅಂಗಡಿಯವ ‘ಇದೇನು, ಕಸ ಕೂತಿದೆ’ ಎನ್ನುತ್ತಿದ್ದ. ಹಾಗಾಗಿ ಇಲ್ಲಿನ ಜಾಣತನ ವಿಮಾನವನ್ನು ದೊಡ್ಡದು ಮಾಡುವುದರಲ್ಲಿಲ್ಲ. ಹೆಂಚಿನ ಮಾಡು, ಅಡಿಕೆ ಮರದ ಸಾಲು, ದೇವಸ್ಥಾನದ ಗೋಪುರ ಇವುಗಳ ಮೇಲೆ ಅದರ ಗೆರೆ ಹಾಯುವಂತೆ ನಿಲ್ಲುವುದರಲ್ಲಿದೆ. ಇನ್ನೊಂದು ಪಂದ್ಯವಿದೆ, ಹುಣ್ಣಿಮೆಯ ಚಂದ್ರನ ಮುಂದೆ ವಿಮಾನ ಹಾಯುವಾಗ ಹಿಡಿಯುವುದು. ನೆತ್ತಿಯ ಮೇಲಾದರೆ ಚಂದ್ರನನ್ನು ದಾಟಲು ಅದಕ್ಕೆ ಅರ್ಧ ಸೆಕೆಂಡೂ ಬೇಡ. ಕ್ಯಾಮೆರಾದ ಗುಂಡಿ ಒತ್ತಿದವರಿಗೆ ಹೆಚ್ಚಾಗಿ ಸಿಗುವುದು ಬರಿಯ ಚಂದ್ರ.

ವಿಮಾನವನ್ನು ಹತ್ತಿರದಿಂದ ತೆಗೆಯಬೇಕೆಂದರೆ ಘಟ್ಟ ಇಳಿಯಬೇಕು, ಇಲ್ಲವೇ ರಾತ್ರಿ ಬಸ್ಸು ಹಿಡಿಯಬೇಕು. ಬೆಂಗಳೂರಿನ ಯಲಹಂಕದಲ್ಲಿ 1996ರಲ್ಲಿ ಶುರುವಾದ ಏರೋ ಇಂಡಿಯಾ ಪ್ರದರ್ಶನ ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ನಮ್ಮ ಮಾರಿಕಾಂಬೆಯ ಜಾತ್ರೆಯ ಹಾಗೆ. 2025ರ ಫೆಬ್ರುವರಿಯಲ್ಲಿ ಅಮೆರಿಕದ ಎಫ್-35, ರಷ್ಯದ ಸು-57 ಎರಡೂ ಅಲ್ಲಿಗೆ ಬಂದಿದ್ದವು. ಅಲ್ಲಿ ಲೆನ್ಸಿನ ಮುಂದೆ ಯಾರೂ ಕೈ ಅಡ್ಡ ಹಿಡಿಯುವುದಿಲ್ಲ. ಜೆಟ್ ಆದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗದ ವೇಗ ಇಟ್ಟುಕೊಳ್ಳಿ. ಪಂಖದ ವಿಮಾನಕ್ಕೆ ಅಷ್ಟು ವೇಗ ಕೊಟ್ಟರೆ ಪಂಖ ನಿಂತೇಹೋದಂತೆ ಕಾಣುತ್ತದೆ, ಇನ್ನೂರೈವತ್ತರಲ್ಲೊಂದಕ್ಕೆ ಇಳಿಸಿ.

ಉಳಿದ ದಿನಗಳಲ್ಲಿ ಈ ಹವ್ಯಾಸಕ್ಕೆ ನಮ್ಮ ದೇಶದಲ್ಲಿ ಒಂದು ಅಳುಕು ಇದ್ದೇ ಇದೆ. 1937ರ ವಿಮಾನ ನಿಯಮಗಳ 13ನೆಯ ನಿಯಮ ಅನುಮತಿಯಿಲ್ಲದೆ ನಿಲ್ದಾಣದಲ್ಲಿ ಚಿತ್ರ ತೆಗೆಯುವುದನ್ನು ತಡೆಯಿತು. 2010ರ ಫೆಬ್ರುವರಿಯಲ್ಲಿ ಇಬ್ಬರು ಬ್ರಿಟಿಷ್ ಹವ್ಯಾಸಿಗಳು ದೆಹಲಿಯ ಹೋಟೆಲೊಂದರಲ್ಲಿ ರನ್‌ವೇ ಕಾಣುವ ಕೋಣೆ ಕೇಳಿದರು. ದುರ್ಬೀನು, ಕ್ಯಾಮೆರಾ, ವಿಮಾನಗಳ ಮಾತು ಕೇಳಿಸುವ ರೇಡಿಯೊ ನೋಡಿ ಪೊಲೀಸರು ಹಿಡಿದರು. ಪ್ರಕರಣ ಮುಗಿದು, ದಂಡ ಕಟ್ಟಿ ಅವರು ಮನೆಗೆ ಹೋದದ್ದು ಏಪ್ರಿಲ್‌ನಲ್ಲಿ. ಗ್ರೀಸಿನ ಕಲಮಾಟಾದಲ್ಲಿ 2001ರ ನವೆಂಬರಿನಲ್ಲಿ 12 ಬ್ರಿಟಿಷರು, ಇಬ್ಬರು ಡಚ್ಚರು ಹೀಗೆಯೇ ಸಿಕ್ಕಿಬಿದ್ದು, ಶಿಕ್ಷೆಯಾಗಿ, ಮರುವರ್ಷ ಮೇಲ್ಮನವಿಯಲ್ಲಿ ಬಿಡುಗಡೆಯಾದರು. ನಂಬರು ಬರೆದುಕೊಳ್ಳುವುದೇ ಹವ್ಯಾಸವೆಂದು ನ್ಯಾಯಾಲಯಕ್ಕೆ ತಿಳಿಹೇಳಲು ಒಂದು ವರ್ಷ ಹಿಡಿಯಿತು.

ನಮ್ಮ ಜಿಲ್ಲೆಯಲ್ಲಂತೂ ಹೆಚ್ಚು ಎಚ್ಚರ ಬೇಕು. ಯಲ್ಲಾಪುರಕ್ಕೆ ಕೈಗಾ ಅಣುಸ್ಥಾವರ ದೂರವಲ್ಲ. ಕಾರವಾರದಲ್ಲಿ 2005ರಿಂದ ನೌಕಾನೆಲೆಯಿದೆ. ದಾಬೋಲಿಮ್ ಹೆಸರಿಗೆ ಪ್ರವಾಸಿಗಳ ನಿಲ್ದಾಣವಾದರೂ ನೆಲ ನೌಕಾಪಡೆಯದು. ಉದ್ದ ಲೆನ್ಸ್ ಹಿಡಿದ ಹುಡುಗನನ್ನು ಕಂಡು ಕಾವಲಿನವನು ಪ್ರಶ್ನೆ ಕೇಳಿದರೆ ಅದು ಅವನ ಕೆಲಸ. ನನ್ನ ತಕರಾರು ಅದಲ್ಲ. ಜಪಾನಿನ ಹನೇಡಾದಲ್ಲಿ, ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ವಿಮಾನ ನೋಡಲೆಂದೇ ಕಟ್ಟೆಗಳಿವೆ. ಜನ ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ಶಿರಸಿಯಿಂದ 100 ಕಿಲೋಮೀಟರ್ ದೂರದ ಹುಬ್ಬಳ್ಳಿಯಂಥ ನಾಗರಿಕ ನಿಲ್ದಾಣದಲ್ಲಿ ‘ಇಲ್ಲಿ ನಿಂತು ತೆಗೆಯಿರಿ, ಅಲ್ಲಿ ಬೇಡ’ ಎಂದು ಒಂದು ಫಲಕ ಹಾಕಿದರೆ ಖರ್ಚೆಷ್ಟು? ಜಾಗ ಗೊತ್ತಿಲ್ಲದ ಹುಡುಗ ಬೇಲಿಯ ಬಳಿ ಸುಳಿಯುತ್ತಾನೆ, ಜಾಗ ಗೊತ್ತಿದ್ದವನು ಸುಳಿಯುವುದಿಲ್ಲ. ಕಾವಲಿನವರಿಗೂ ಅದೇ ಸುಲಭ.

ಅಲ್ಲಿಯವರೆಗೆ ನಮ್ಮ ಅಂಗಳವೇ ಮೇಲು. ಹಿಂದೆ ಬಾಲದ ಬಣ್ಣ ಕಂಡರೇ ದೊಡ್ಡದು, ಭಾರತದ ವಿಮಾನಗಳ ಮೈಮೇಲಿನ ‘ವಿಟಿ’ ಎಂಬ ಅಕ್ಷರಗಳನ್ನು ಇಲ್ಲಿಂದ ಓದುವ ಮಾತೇ ಇರಲಿಲ್ಲ. ಈಗ ವಿಮಾನಗಳು ತಾವೇ ರೇಡಿಯೊ ಮೂಲಕ ಗುರುತು, ಎತ್ತರ, ವೇಗ ಸಾರುತ್ತ ಹೋಗುತ್ತವೆ. ಸ್ವೀಡನ್ನಿನ ಇಬ್ಬರು ಹವ್ಯಾಸಿಗಳು 2006ರಲ್ಲಿ ಶುರುಮಾಡಿದ ಫ್ಲೈಟ್‌ರೇಡಾರ್24 ಅದನ್ನು ಒಟ್ಟುಗೂಡಿಸಿ ಮೊಬೈಲಿಗೆ ತಂದಿತು. ಸಿಗ್ನಲ್ ಸಿಗುವ ಗುಡ್ಡ ಹತ್ತಿದರಾಯಿತು. ಎಲ್ಲ ಅದರಲ್ಲಿ ಸಿಗುವುದಿಲ್ಲ. ಸೇನೆಯ ವಿಮಾನ ಬಹಳ ಸಲ ಬಾಯಿ ಬಿಡದೆ ಹೋಗುತ್ತದೆ. ಸಿಗದಿದ್ದರೆ ಹುಡುಕುವ ಉಸಾಬರಿ ಬೇಡ. ವಿಮಾನದವರ ರೇಡಿಯೊ ಮಾತು ಕದ್ದು ಕೇಳುವ ಯಂತ್ರವಂತೂ ಬೇಡವೇ ಬೇಡ.

ಒಂದು ವಿಮಾನವನ್ನಾದರೂ ಮುಟ್ಟುವಷ್ಟು ಹತ್ತಿರದಿಂದ ತೆಗೆಯುವ ಆಸೆಯಿದ್ದರೆ ಅರಬೈಲ್ ಘಟ್ಟ ಇಳಿದು ಕಾರವಾರಕ್ಕೆ ಹೋಗಿ. ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ, ಚಾಪೆಲ್ ಯುದ್ಧನೌಕೆಯ ಬಳಿ, ರಷ್ಯದ ಟುಪೊಲೆವ್-142 ಇದೆ. 1988ರಿಂದ 2017ರವರೆಗೆ ನೌಕಾಪಡೆಗೆ ಕಡಲು ಕಾದ ಜಾತಿಯದು. ಅರಕ್ಕೋಣಂನಿಂದ ಬಿಡಿಭಾಗ ಮಾಡಿ 2023ರಲ್ಲಿ ಲಾರಿಗಳ ಮೇಲೆ ತಂದದ್ದು. 50 ಮೀಟರ್ ರೆಕ್ಕೆ, ನಾಲ್ಕು ಎಂಜಿನ್, ಒಂದೊಂದಕ್ಕೂ ಎದುರುಬದುರು ತಿರುಗುವ ಎರಡೆರಡು ಪಂಖ. ಎಲೆಗಳು ಒಟ್ಟು 32. ಮಕ್ಕಳಿದ್ದರೆ ಎಣಿಸಲು ಹೇಳಿ.