ಬಟಾಟಿ ಅನ್ನಲು ನಾಚಿಕೆ ಏಕೆ?

ನಮ್ಮ ಹುಬ್ಬಳ್ಳಿ-ಧಾರವಾಡದ ಹುಡುಗಿ ಮೈಸೂರು ಕಡೆಗೆ ಸೊಸೆಯಾಗಿ ಹೋದಳೆಂದರೆ ಮೊದಲ ಪರೀಕ್ಷೆ ಅಡಿಗೆಮನೆಯಲ್ಲೇ. “ಬಟಾಟಿ ಪಲ್ಯಾ ಮಾಡ್ಲೇನ್ರೀ ಅತ್ಯಾರ?” ಎಂದರೆ ನಾದಿನಿಯರು ಮುಸಿಮುಸಿ ನಗುತ್ತಾರೆ. “ಆಲೂಗಡ್ಡೆ ಅನ್ನಮ್ಮಾ” ಎಂದು ತಿದ್ದುತ್ತಾರೆ. ಪೇರಲ ಸೀಬೆಯಾಗಬೇಕು, ಚಾವಿ ಬೀಗದಕೈ ಆಗಬೇಕು, ಪಗಾರ ಸಂಬಳವಾಗಬೇಕು. ತನ್ನ ತೌರಿನ ಕನ್ನಡವೇ ಕಡಿಮೆ ದರ್ಜೆಯದೇನೋ ಎಂದು ಹುಡುಗಿ ಬಾಯಿ ಬಿಡಲು ಹೆದರುತ್ತಾಳೆ.

ಆದರೆ ಭಗಿನಿಯರೇ, ಈ ಶಬ್ದಗಳ ಕುಲಗೋತ್ರ ವಿಚಾರಿಸಿದ್ದೀರಾ? ಪೋರ್ತುಗೀಸರು 1510ರಲ್ಲಿ ಗೋವೆ ಹಿಡಿದರು, 1961ರ ತನಕ ಬಿಡಲಿಲ್ಲ. ಗೋವೆಯಿಂದ ಘಟ್ಟ ಹತ್ತಿದರೆ ನಮ್ಮ ಸೀಮೆಯೇ ಅಲ್ಲವೆ? ಅವರ ಶಬ್ದಗಳು ಕೊಂಕಣಿ, ಮರಾಠಿಗರ ಬಾಯಿಂದ ನಮ್ಮ ಬಾಯಿಗೂ ಬಂದವು. ಅವರಲ್ಲಿ ‘ಪೇರ’ ಬೇರೊಂದು ಹಣ್ಣಿನ ಹೆಸರು, ‘ಚಾವೆ’ ಎಂದರೆ ಕೀಲಿಕೈ, ‘ಪಗಾರ್’ ಎಂದರೆ ಹಣ ಸಲ್ಲಿಸುವುದು. ಇನ್ನು ‘ಬಟಾಟ’ ಅವರದೂ ಅಲ್ಲ. ಅಮೇರಿಕೆಯ ಕೆರಿಬಿಯನ್ ದ್ವೀಪದ ಮೂಲ ಜನ ಗೆಣಸಿಗೆ ಇಟ್ಟ ಹೆಸರದು!

ಫಿಲಿಪೈನ್ಸ್ ದ್ವೀಪಗಳಲ್ಲೂ ಇಂಥದೇ ಕಥೆ. ಅಲ್ಲಿ 1565ರಿಂದ 1898ರವರೆಗೆ ಸ್ಪೇನಿನವರ ಆಳಿಕೆ. ಮೆಕ್ಸಿಕೋದಿಂದ ಕೋಕೋ ಗಿಡ ತಂದರು, ಜೊತೆಗೆ ಚಾಕಲೇಟಿನ ಹೆಸರನ್ನೂ ತಂದರು. ಅಲ್ಲಿಯ ಟಾಗಲಾಗ್ ಭಾಷೆಯಲ್ಲಿ ಅದು ‘ತ್ಸೊಕೊಲಾತೆ’. ಕೋಕೋ ಬೀಜ ಹುರಿದು, ಅರೆದು, ಬಿಲ್ಲೆ ಮಾಡಿ, ಬಿಸಿನೀರಿಗೆ ಹಾಕಿ, ನಮ್ಮ ಕಡಗೋಲಿನಂಥ ಕೋಲಿನಿಂದ ನೊರೆ ಬರುವಂತೆ ಕಡೆದು ಕುಡಿಯುತ್ತಾರೆ. ಪರದೇಶದ ಶಬ್ದ ಅಲ್ಲಿ ಮನೆಮಾತೇ ಆಗಿದೆ. ಅದೇ ಶಬ್ದ ಇಂಗ್ಲಿಷಿನ ದಾರಿಯಿಂದ ನಮಗೂ ಬಂತು. ನಮ್ಮ ಮಕ್ಕಳಿಗಂತೂ ಕಾಗದ ಸುತ್ತಿದ ಪೆಪ್ಪರಮಿಂಟೂ ಚಾಕಲೇಟೇ. 1986ರಿಂದ ಪುತ್ತೂರಿನ ಕ್ಯಾಂಪ್ಕೋ ಕಾರಖಾನೆಯಲ್ಲಿ ಅಸಲು ಚಾಕಲೇಟೂ ಆಗುತ್ತಿದೆ.

ಮೆಣಸಿನಕಾಯಿಯನ್ನು ನೋಡಿರಿ. ಅದೂ ಅಮೇರಿಕೆಯದು, ಅದನ್ನು ತಂದವರೂ ಪೋರ್ತುಗೀಸರೇ. ಆದರೆ ನಮ್ಮ ಹಿರಿಯರು ಅದರ ಖಾರ ನೋಡಿ, ಮನೆಯ ಕರಿಮೆಣಸಿನ ಹೆಸರನ್ನೇ ಇಟ್ಟು ತಮ್ಮದಾಗಿಸಿಕೊಂಡರು. ಈಗ ಬ್ಯಾಡಗಿ ಮೆಣಸಿನಕಾಯಿ ಇಲ್ಲದೆ ನಮ್ಮ ಕಡೆ ಮಸಾಲೆಖಾರವೇ ಇಲ್ಲ.

ಹಾಗಾದರೆ ಯಾವುದು ಅಚ್ಚಗನ್ನಡ? ಆಲೂಗಡ್ಡೆಯ ‘ಆಲೂ’ ಕೂಡ ಉತ್ತರದಿಂದ ಬಂದದ್ದೇ, ‘ಗಡ್ಡೆ’ಯಷ್ಟೇ ನಮ್ಮದು. ಅತ್ತೆಯರೇ, ಸೊಸೆಯ ಪಲ್ಯಕ್ಕೆ ಉಪ್ಪು ಹೆಚ್ಚಾದರೆ ಬೇಕಾದರೆ ಹೇಳಿರಿ, ಮಾತನ್ನು ಮಾತ್ರ ತಿದ್ದಲು ಹೋಗಬೇಡಿರಿ. ಸೊಸೆಯರೇ, ನೀವು ಆ ಊರಿನ ಶಬ್ದ ಕಲಿಯಿರಿ, ನಿಮ್ಮದನ್ನು ಬಿಡಬೇಡಿರಿ. ಮಕ್ಕಳಿಗೆ ಎರಡೂ ಬರಲಿ. ನಾಳೆ ಅಜ್ಜಿ “ಪೇರಲ ತಿಂತೀಯೇನ ಕೂಸ?” ಎಂದಾಗ ಮೊಮ್ಮಗು ಮುಖ ಮುಖ ನೋಡುವಂತಾಗಬಾರದು.