ಚಪಲ್ ಹಡಗಿನ ಮುಂದೆ ಮಕ್ಕಳಿಗೆ ಏನು ಹೇಳುವುದು?

ಜುಮಾ ಖುತ್ಬಾದಲ್ಲಿ, ಕೇಳಿದ ಸುದ್ದಿಯನ್ನು ವಿಚಾರಿಸದೆ ದಾಟಿಸಬಾರದು ಎಂದಿದ್ದೆವು. ಅದರ ಪರೀಕ್ಷೆ ಭಾನುವಾರವೇ ಎದುರಾಯಿತು. ಅರ್ಗಾ ಕಡೆಯ ಮದ್ರಸ ಮಕ್ಕಳನ್ನು ಕಾರವಾರದ ಟಾಗೋರ್ ಕಡಲತೀರದಲ್ಲಿರುವ ಯುದ್ಧನೌಕೆ ಸಂಗ್ರಹಾಲಯಕ್ಕೆ ಕರೆದೊಯ್ದಿದ್ದೆವು.

"ಹಝ್ರತ್, ಕರಾಚಿಗೆ ಹೋಗಿದ್ದು ಇದೇ ಹಡಗಾ?" ಎಂದು ಒಬ್ಬ ಹುಡುಗ ಕೇಳಿದ.

ಹಾಗೆಂದು ಹೇಳುವವರು ಬಹಳ. ಹಿಂದೆ ನಾವೂ ಹೇಳಿದವರೇ. ಆದರೆ 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ದಾಳಿ ಮಾಡಿದ ಕ್ಷಿಪಣಿ ದೋಣಿಗಳು ನಿಪಾತ್, ನಿರ್ಘಾತ್ ಮತ್ತು ವೀರ್. ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಅವುಗಳಂತೆ ಇದೂ ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ ಓಸಾ ಜಾತಿಯದು, ಆದರೆ ಅನಂತರದ ಸುಧಾರಿತ ಮಾದರಿ. ಉದ್ದ ಸುಮಾರು 39 ಮೀಟರ್. ಎರಡೂ ಬದಿ ಸೇರಿ ನಾಲ್ಕು ಕ್ಷಿಪಣಿಗಳಿಗೆ ಜಾಗ. ಒಳಗಿನ ಇಕ್ಕಟ್ಟು ನೋಡಿದರೆ ನಾವಿಕರ ಬದುಕು ಎಂಥದ್ದೆಂದು ಯಾರೂ ವಿವರಿಸಬೇಕಿಲ್ಲ. 2005ರಲ್ಲಿ ನಿವೃತ್ತಿಯಾಗಿ, ಮರುವರ್ಷ ಸಂಗ್ರಹಾಲಯವಾಯಿತು.

ಅರ್ಗಾದ ಕದಂಬ ನೌಕಾನೆಲೆ ಕಾರ್ಯಾರಂಭ ಮಾಡಿದ್ದೂ ಅದೇ 2005ರಲ್ಲಿ. 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ಯೋಜನೆಗಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಎಷ್ಟೋ ಮನೆಗಳು ಗದ್ದೆ, ತೋಟ, ಮೀನು ಹಿಡಿಯುವ ದಂಡೆ ಬಿಟ್ಟು ಎದ್ದವು. ಪರಿಹಾರದ ಮೊಕದ್ದಮೆಗಳು ದಶಕಗಳ ಕಾಲ ನಡೆದವು. ಇದು ಹಡಗಿನೊಳಗೆ ತಿಳಿಯುವ ವಿಷಯವಲ್ಲ. ಹಡಗು ತೋರಿಸಿ ಬಂದ ಮೇಲೆ ಮಕ್ಕಳನ್ನು ದಾದಾ, ದಾದಿಯರ ಹತ್ತಿರ ಕೂರಿಸಿ, ಹಳೆಯ ಊರಿನ ಬಗ್ಗೆ ಕೇಳಲು ಹೇಳಿ. ಪ್ರಶ್ನೆ ಕೇಳಿದ ಆ ಹುಡುಗನ ದಾದಿಯೂ ಹಾಗೆ ಎದ್ದು ಬಂದವರೇ. ಅವನಿಗೆ ಅದು ಗೊತ್ತಿರಲಿಲ್ಲ.